ಮನೆಯ ಕಟ್ಟಡವೂ ಊರಿನ ನೆಮ್ಮದಿಯೂ

ಮನೆಯೆಂದರೆ ಏನು ಎಂದು ಪಟ್ಟಣವಾಸಿಗಳನ್ನು ಕೇಳಿದರೆ ಅವರು ಸಾಮಾನ್ಯವಾಗಿ ಕೋಣೆಗಳನ್ನು ಎಣಿಸಿ ಹೇಳುತ್ತಾರೆ. ಮಲಗುವ ಕೋಣೆ ಎರಡು, ಅಡುಗೆಯ ಮನೆ ಒಂದು, ಹಜಾರ ಒಂದು, ಬಚ್ಚಲು ಒಂದು. ಇಷ್ಟಾದರೆ ಮನೆ ಪೂರ್ತಿಯಾಯಿತೆಂಬುದು ಅವರ ಲೆಕ್ಕ. ಇದೇ ಪ್ರಶ್ನೆಯನ್ನು ಬೆಳಗಾವಿ ಜಿಲ್ಲೆಯ ಹಳ್ಳಿಯ ಹಿರಿಯ ರೈತನೊಬ್ಬನಿಗೆ ಹಾಕಿದರೆ ಆತನು ಅಂಕಣಗಳನ್ನು ಎಣಿಸುತ್ತಾನೆ. ಎರಡು ಕಂಬಗಳ ಸಾಲಿನ ನಡುವಣ ಅವಕಾಶಕ್ಕೆ ಅಂಕಣವೆಂದು ಹೆಸರು. ಕೋಣೆಗೆ ನಾಲ್ಕು ಗೋಡೆ, ಒಂದು ಬಾಗಿಲು, ಒಂದು ಕೆಲಸ. ಅಂಕಣಕ್ಕೆ ಅಂಥ ಕಟ್ಟುಪಾಡಿಲ್ಲ. ಸುಗ್ಗಿ ಮುಗಿದಾಗ ಅದರಲ್ಲಿ ಜೋಳದ ಚೀಲಗಳಿರುತ್ತವೆ. ಮದುವೆಯ ಕಾಲದಲ್ಲಿ ಬೀಗರು ಮಲಗುತ್ತಾರೆ. ಮಳೆ ಹಿಡಿದಾಗ ಎಳೆಗರುವೂ ಅಲ್ಲಿಯೇ ನಿಲ್ಲುತ್ತದೆ.

ಈ ಎರಡು ಎಣಿಕೆಗಳ ಅಂತರವು ಕೇವಲ ಮಾತಿನ ಅಂತರವಲ್ಲ. ಮನೆಯನ್ನು ಯಾವ ಅಳತೆಯಿಂದ ಅಳೆಯುತ್ತೇವೆಯೋ ಅದರಂತೆಯೇ ಕಟ್ಟುತ್ತೇವೆ. ಹೇಗೆ ಕಟ್ಟುತ್ತೇವೆಯೋ ಹಾಗೆಯೇ ಅದರಲ್ಲಿ ಬಾಳುವವರ ಆರೋಗ್ಯ, ಕಸುಬು, ನೆರೆಹೊರೆಯ ಸಂಬಂಧ ಇವೆಲ್ಲವೂ ರೂಪುಗೊಳ್ಳುತ್ತವೆ. ಈ ಸಂಗತಿಯನ್ನು ವಿಚಾರಮಾಡುವುದಕ್ಕೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಗಿಂತ ಉಚಿತವಾದ ಸ್ಥಳ ನಮ್ಮ ನಾಡಿನಲ್ಲಿ ಅಪರೂಪ. ಮಲಪ್ರಭೆಯ ದಡದ ಈ ಪ್ರದೇಶದಲ್ಲಿ ಹತ್ತು ವರ್ಷಗಳ ಅವಧಿಯೊಳಗೆ ಎರಡು ಸಲ, ಎಂದರೆ ೨೦೦೯ರಲ್ಲಿಯೂ ೨೦೧೯ರಲ್ಲಿಯೂ, ಮಳೆಯ ಮತ್ತು ನೆರೆಯ ಹೊಡೆತಕ್ಕೆ ಹಳೆಯ ಮನೆಗಳು ನೆಲಕ್ಕೊರಗಿದುವು. ಎರಡು ಸಲವೂ ಹೊಸ ಮನೆಗಳು ಎದ್ದುವು. ಹಳೆಯದು ಏನನ್ನು ಕೊಟ್ಟಿತ್ತು, ಹೊಸದು ಏನನ್ನು ಕೊಟ್ಟಿತು ಎಂಬುದನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶವು ಅಲ್ಲಿ ಉಂಟು.

ಮೊದಲು ನೆಲದ ಗುಣವನ್ನು ತಿಳಿಯೋಣ. ಮಲಪ್ರಭೆಯು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಪೂರ್ವಾಭಿಮುಖವಾಗಿ ಹರಿದು, ಕಿತ್ತೂರು ಬೈಲಹೊಂಗಲಗಳ ಸೀಮೆಯನ್ನು ಹಾದು, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗಿ, ರಾಮದುರ್ಗವನ್ನು ಮುಟ್ಟಿ, ಕಡೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನದಿ ಪೂರ್ವಕ್ಕೆ ಸಾಗಿದಂತೆಲ್ಲ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಕಿತ್ತೂರು ಮಲೆನಾಡಿನ ಅಂಚಿಗೆ ಸೇರಿದ್ದು. ರಾಮದುರ್ಗವು ಅಪ್ಪಟ ಬಯಲುಸೀಮೆ. ಆದುದರಿಂದ ಪಶ್ಚಿಮದ ಹಳ್ಳಿಗಳಲ್ಲಿ ಇಳಿಜಾರಾದ ಹೆಂಚಿನ ಮಾಡು ಕಾಣುತ್ತದೆ. ಪೂರ್ವಕ್ಕೆ ಹೋದಂತೆ ಅದು ಮರೆಯಾಗಿ ಮಟ್ಟಸವಾದ ಮಣ್ಣಿನ ಮಾಳಿಗೆಗಳು ಕಾಣತೊಡಗುತ್ತವೆ. ಬೈಲಹೊಂಗಲದ ಸುತ್ತಿನದು ಎರೆಭೂಮಿ, ಹತ್ತಿಗೂ ಜೋಳಕ್ಕೂ ಹೆಸರಾದದ್ದು. ಸವದತ್ತಿ ರಾಮದುರ್ಗಗಳ ಕಡೆ ಬೆಣಚುಕಲ್ಲು ಮರಳುಗಲ್ಲುಗಳ ಗುಡ್ಡಗಳಿವೆ. ಕಲ್ಲು ಸಿಕ್ಕಲ್ಲಿ ಕಲ್ಲು, ಮಣ್ಣು ಸಿಕ್ಕಲ್ಲಿ ಮಣ್ಣು. ಹೀಗೆ ಮನೆಯು ತಾನು ನಿಂತ ನೆಲದಿಂದಲೇ ಎದ್ದು ಬಂದಿತು.

ಈ ಸೀಮೆಯ ಹಳೆಯ ಮಾಳಿಗೆಮನೆಯ ರಚನೆ ಹೀಗೆ. ಮರದ ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ, ಜಂತಿಗಳ ಮೇಲೆ ಸಣ್ಣ ಕಟ್ಟಿಗೆ ಮತ್ತು ಸೊಪ್ಪು, ಅದರ ಮೇಲೆ ಮಣ್ಣಿನ ದಪ್ಪ ಹಾಸು. ಎಲ್ಲಕ್ಕೂ ಮೇಲೆ ಸವಳು ಮಣ್ಣು. ಉಪ್ಪಿನ ಅಂಶವುಳ್ಳ ಈ ಮಣ್ಣು ತೋಯ್ದಾಗ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಂಡು ನೀರನ್ನು ಹರನಾಳಿಗೆಯ ಕಡೆಗೆ ಜಾರಿಸಿಬಿಡುತ್ತದೆ. ಪ್ರತಿ ವರ್ಷವೂ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ ಬಡಿಯುವ ಕೆಲಸವುಂಟು. ಗೋಡೆಗಳ ದಪ್ಪ ಒಂದೂವರೆ ಎರಡು ಅಡಿ, ಕೆಲವೆಡೆ ಇನ್ನೂ ಹೆಚ್ಚು. ಮಾಳಿಗೆಯ ನಡುವೆ ಬೆಳಕಿಂಡಿ. ಹಗಲು ಬೆಳಕು ಅದರಿಂದ ಇಳಿಯುತ್ತದೆ, ಒಲೆಯ ಹೊಗೆ ಅದರಿಂದಲೇ ಏರುತ್ತದೆ.

ಈ ದಪ್ಪ ಗೋಡೆಗಳ ಪ್ರಯೋಜನವೇನು? ಬಿಸಿಲಿನ ಕಾವು ಗೋಡೆಯ ಹೊರಮೈಗೆ ತಗುಲಿದೊಡನೆ ಒಳಗೆ ಬರುವುದಿಲ್ಲ. ಗೋಡೆಯನ್ನು ನಿಧಾನವಾಗಿ ಕಾಯಿಸುತ್ತ ಒಳಮೈಯನ್ನು ಮುಟ್ಟುವುದಕ್ಕೆ ಅದಕ್ಕೆ ಹತ್ತು ಹನ್ನೆರಡು ಗಂಟೆಗಳ ಕಾಲ ಬೇಕು. ಅಷ್ಟರಲ್ಲಿ ಹೊತ್ತು ಮುಳುಗಿ ಗಾಳಿ ತಂಪಾಗಿರುತ್ತದೆ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಹೊಲದಿಂದ ಬಂದವನಿಗೆ ಪಡಸಾಲೆಯು ತಣ್ಣಗಿರುವುದು ಈ ಕಾರಣದಿಂದ. ರಾತ್ರಿ ಗೋಡೆಯು ತನ್ನ ಕಾವನ್ನು ಒಳಗೆ ಬಿಡುವ ಹೊತ್ತಿಗೆ ಮನೆಯವರು ಚಾಪೆ ಕೌದಿಗಳನ್ನು ಹೊತ್ತು ಮಾಳಿಗೆಯ ಮೇಲೆ ಹೋಗಿ ನಕ್ಷತ್ರಗಳ ಕೆಳಗೆ ಮಲಗಿರುತ್ತಾರೆ. ನಾಲ್ಕೈದು ಅಂಗುಲ ದಪ್ಪದ ಕಾಂಕ್ರೀಟಿನ ಛಾವಣಿಯಾದರೋ ಮೂರು ನಾಲ್ಕು ಗಂಟೆಗಳಲ್ಲಿಯೇ ಕಾವನ್ನು ಒಳಗಿಳಿಸುತ್ತದೆ. ಮಧ್ಯಾಹ್ನದ ಬಿಸಿಲು ಸಂಜೆಗೆ, ಮಕ್ಕಳು ಓದಲು ಕೂಡುವ ಹೊತ್ತಿಗೆ, ಮನೆಯೊಳಗೆ ಬಂದಿರುತ್ತದೆ.

ಇನ್ನು ಮನೆಯ ಒಳಗಿನ ಏರ್ಪಾಡು. ತಲಬಾಗಿಲನ್ನು ದಾಟಿದೊಡನೆ ತಗ್ಗಿನಲ್ಲಿ ದನದ ಹಕ್ಕೆ, ಅದರ ಬದಿಗೆ ಗೋದಲಿ. ಅದಕ್ಕೆ ಎದುರಾಗಿ ಎತ್ತರದಲ್ಲಿ ಮನೆಯವರ ಪಡಸಾಲೆ. ಅದರ ಹಿಂದೆ ಅಡುಗೆಯ ಮನೆ, ದೇವರ ಜಗುಲಿ, ಬಚ್ಚಲು, ಹಿತ್ತಲು. ದನಗಳೂ ಮನುಷ್ಯರೂ ಒಂದೇ ಮಾಳಿಗೆಯ ಕೆಳಗೆ ಇರುವುದನ್ನು ಕಂಡು ಪಟ್ಟಣದವರು ಮೂಗು ಮುಚ್ಚಿಕೊಳ್ಳುವುದುಂಟು. ಆದರೆ ಇದಕ್ಕೆ ಕಾರಣಗಳಿವೆ. ಒಂದು ಜೊತೆ ಎತ್ತು ರೈತನ ಬಂಡವಾಳದ ಬಹುಭಾಗ. ರಾತ್ರಿ ಎತ್ತು ಮೇವು ಬಿಟ್ಟಿತೆ, ಆಕಳು ಈಯುವ ನೋವಿನಲ್ಲಿದೆಯೆ ಎಂಬುದನ್ನು ಪಡಸಾಲೆಯಲ್ಲಿ ಮಲಗಿದವನು ಎದ್ದು ಕೂಡದೆಯೇ ತಿಳಿಯಬಲ್ಲನು. ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸುವ, ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತುಗಳನ್ನು ಪೂಜಿಸುವ ಜನಕ್ಕೆ ದನವು ಮನೆಯ ಮಂದಿಯಲ್ಲಿ ಒಂದು. ಮನೆಯ ನಕ್ಷೆಯು ಆ ಭಾವನೆಯನ್ನು ನೆಲದ ಮೇಲೆ ಬರೆದಂತಿದೆ.

ಕಸುಬಿಗೂ ಮನೆಗೂ ಇರುವ ನಂಟು ನೇಕಾರರಲ್ಲಿ ಇನ್ನೂ ಸ್ಪಷ್ಟ. ರಾಮದುರ್ಗದ ಕಡೆಯ ನೇಕಾರನಿಗೆ ಮನೆಯೇ ಕಾರ್ಖಾನೆ. ಕುಣಿಮಗ್ಗಕ್ಕೆ ನೆಲದಲ್ಲಿ ಗುಂಡಿ ತೋಡಬೇಕು. ನೇಯುವವನು ಅದರ ಅಂಚಿನಲ್ಲಿ ಕುಳಿತು ಕಾಲುಗಳನ್ನು ಗುಂಡಿಯಲ್ಲಿ ಇಳಿಬಿಟ್ಟು ತುಳಿಯುತ್ತಾನೆ. ಮಣ್ಣಿನ ನೆಲದ ತಂಪು ಹತ್ತಿಯ ಎಳೆಗೆ ಬೇಕು. ಗಾಳಿ ಒಣಗಿದರೆ ಎಳೆ ತುಂಡರಿಸುತ್ತದೆ. ಹಾಸನ್ನು ಎಳೆಯುವುದಕ್ಕೆ ಉದ್ದನೆಯ ಪಡಸಾಲೆ ಬೇಕು. ಹೆಂಗಸರು ಮಕ್ಕಳು ಕಂಡಿಕೆ ಸುತ್ತುವುದಕ್ಕೆ ಬೆಳಕಿನ ಜಾಗ ಬೇಕು. ಹತ್ತಡಿ ಚೌಕದ, ಸಿಮೆಂಟು ನೆಲದ ಕೋಣೆಯಲ್ಲಿ ಇವಾವುವೂ ಇಲ್ಲ. ಅಂಥ ಮನೆಯನ್ನು ನೇಕಾರನಿಗೆ ಕೊಡುವುದೆಂದರೆ ಒಂದು ಕೈಯಿಂದ ಸೂರು ಕೊಟ್ಟು ಇನ್ನೊಂದು ಕೈಯಿಂದ ಅನ್ನವನ್ನು ಕಿತ್ತುಕೊಂಡಂತೆ.

ಮನೆಯಿಂದ ಹೊರಗೆ ಬಂದರೆ ಕಟ್ಟೆ. ಅದು ಮನೆಗೆ ಸೇರಿದುದೋ ಓಣಿಗೆ ಸೇರಿದುದೋ ಹೇಳುವುದು ಕಷ್ಟ. ಅದರ ಮಹತ್ವವಿರುವುದು ಈ ಸಂದೇಹದಲ್ಲಿಯೇ. ಕಟ್ಟೆಯ ಮೇಲೆ ಕುಳಿತ ಮುದುಕಿ ತನ್ನ ಮನೆಯಲ್ಲಿಯೂ ಇದ್ದಾಳೆ, ಊರಿನಲ್ಲಿಯೂ ಇದ್ದಾಳೆ. ಹೋಗುವವರು ಬರುವವರು ಆಕೆಯನ್ನು ಮಾತನಾಡಿಸುತ್ತಾರೆ, ಒಂದು ದಿನ ಆಕೆ ಕಾಣದಿದ್ದರೆ “ಅಜ್ಜಿಗೆ ಮೈಯಲ್ಲಿ ಹುಷಾರಿಲ್ಲವೇನು?” ಎಂದು ಒಳಗೆ ಬಂದು ಕೇಳುತ್ತಾರೆ. ಅಲ್ಲಿಯೇ ಹೆಂಗಸರು ಶಾವಿಗೆ ಹೊಸೆಯುತ್ತಾರೆ, ಕೌದಿ ಹೊಲಿಯುತ್ತಾರೆ; ಓಣಿಯಲ್ಲಿ ಆಡುವ ಮಕ್ಕಳ ಮೇಲೆ ಯಾರದೋ ಒಬ್ಬರ ಕಣ್ಣು ಸದಾ ಇರುತ್ತದೆ. ಅಮೆರಿಕದ ಜೇನ್ ಜೇಕಬ್ಸ್ ಎಂಬ ಲೇಖಕಿ ೧೯೬೧ರಲ್ಲಿ ಅಲ್ಲಿನ ಮಹಾನಗರಗಳನ್ನು ಕುರಿತು ಬರೆದ ಗ್ರಂಥದಲ್ಲಿ, ಬೀದಿಯ ಕ್ಷೇಮಕ್ಕೆ ಕಾವಲುಗಾರರಿಗಿಂತ ಬೀದಿಯನ್ನು ನೋಡುತ್ತಿರುವ ನೆರೆಯವರ ಕಣ್ಣುಗಳೇ ಹೆಚ್ಚಿನ ರಕ್ಷಣೆಯೆಂದು ವಾದಿಸಿದಳು. ನ್ಯೂಯಾರ್ಕಿನ ಬೀದಿಗಳನ್ನು ನೋಡಿ ಆಕೆ ಕಂಡುಕೊಂಡುದನ್ನು ಸವದತ್ತಿಯ ಓಣಿಯ ಮೇಸ್ತ್ರಿಯು ಕಲ್ಲಿನ ಕಟ್ಟೆಯಾಗಿ ಮೊದಲೇ ಕಟ್ಟಿದ್ದನು.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯದೆಲ್ಲವೂ ಒಳ್ಳೆಯದೆಂದು ಕೇಳುಗರು ಭಾವಿಸಬಾರದು. ಹಳೆಯ ಮನೆಯ ದೋಷಗಳನ್ನು ಮುಚ್ಚಿಟ್ಟು ಅದರ ಗುಣವನ್ನು ಮಾತ್ರ ಹಾಡುವುದು ಅದರಲ್ಲಿ ವಾಸಮಾಡದವರು ಮಾಡುವ ಕೆಲಸ. ಬೆಳಕಿಂಡಿಯೊಂದರಿಂದಲೇ ಹೊಗೆಯೆಲ್ಲ ಹೋಗುವುದಿಲ್ಲ. ಒಲೆಯ ಮುಂದೆ ಕೂಡುವ ಹೆಂಗಸಿನ ಕಣ್ಣು, ಪುಪ್ಪಸಗಳೂ ಆಕೆಯ ಮಡಿಲ ಕೂಸಿನ ಉಸಿರೂ ಅದಕ್ಕೆ ಬಲಿಯಾಗುತ್ತವೆ. ಕಿಟಕಿಯಿಲ್ಲದ ಕತ್ತಲೆಯ ಒಳಕೋಣೆಯಲ್ಲಿ ಕ್ಷಯರೋಗವು ಒಬ್ಬರಿಂದ ಒಬ್ಬರಿಗೆ ಸುಲಭವಾಗಿ ಹರಡುತ್ತದೆ. ಗಂಜಳವು ನಿಂತ ಕಡೆ ನೊಣ ಸೊಳ್ಳೆಗಳು ತಪ್ಪಿದ್ದಲ್ಲ. ೧೮೯೬ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮುಂದಿನ ವರ್ಷಗಳಲ್ಲಿ ಬೆಳಗಾವಿ ಧಾರವಾಡಗಳ ಸೀಮೆಯನ್ನು ಹೊಕ್ಕಾಗ, ಮಣ್ಣಿನ ಗೋಡೆಗಳೂ ಧಾನ್ಯ ತುಂಬಿದ ಒಳಕೋಣೆಗಳೂ ಇಲಿಗಳಿಗೆ ಒಳ್ಳೆಯ ಆಶ್ರಯವಾಗಿದ್ದುವು. ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು.

ನೀರಿನ ವಿಷಯದಲ್ಲಿಯೂ ಹೀಗೆಯೇ. ಕಿತ್ತೂರಿನ ಕೋಟೆಯನ್ನು ನೋಡಿದವರು ಚೆನ್ನಮ್ಮ ರಾಣಿಯ ೧೮೨೪ರ ಹೋರಾಟವನ್ನು ನೆನೆದು ಹಿಂದಿರುಗುತ್ತಾರೆ, ಅದು ಸಹಜ. ಆದರೆ ಪಾಳುಬಿದ್ದ ಅರಮನೆಯ ನೆಲವನ್ನು ಸ್ವಲ್ಪ ಗಮನಿಸಿದರೆ ಅಲ್ಲಿ ಅಡುಗೆಯ ಮನೆ, ಊಟದ ಮನೆ, ಸ್ನಾನದ ಮನೆ, ಬಾವಿ ಇವುಗಳ ಗುರುತುಗಳು ಕಾಣುತ್ತವೆ. ನೀರು ಎಲ್ಲಿಂದ ಬರಬೇಕು, ಬಳಸಿದ ನೀರು ಎಲ್ಲಿಗೆ ಹೋಗಬೇಕು ಎಂಬ ವಿಚಾರವನ್ನು ಅರಮನೆಯನ್ನು ಕಟ್ಟಿದವರು ಮಾಡಿದ್ದರು. ಆ ವಿಚಾರ ಕೋಟೆಯ ಗೋಡೆಯನ್ನು ದಾಟಿ ಸಾಮಾನ್ಯರ ಓಣಿಗೆ ಬರಲಿಲ್ಲ. ಬಚ್ಚಲ ನೀರು ಓಣಿಯ ನಡುವೆ ಹರಿಯಿತು. ಹೆಂಗಸರು ಕತ್ತಲಾಗುವುದನ್ನು ಕಾದು ಬಯಲಿಗೆ ಹೋದರು.

ಇದಕ್ಕಿಂತ ದೊಡ್ಡ ದೋಷವೊಂದು ಊರಿನ ನಕ್ಷೆಯಲ್ಲಿಯೇ ಇತ್ತು. ಅಗಸಿಯ ಒಳಗೆ ಯಾರು ಇರಬೇಕು, ಹೊರಗೆ ಯಾರು ಇರಬೇಕು ಎಂಬುದನ್ನು ಜಾತಿಯೇ ಗೊತ್ತುಮಾಡಿತ್ತು. ಕಟ್ಟೆಯ ಮಾತುಕತೆ ಎಲ್ಲರಿಗೂ ಸೇರಿದ್ದಲ್ಲ. ಬಾವಿಯ ನೀರೂ ಎಲ್ಲರಿಗೂ ಸೇರಿದ್ದಲ್ಲ. ನೆಮ್ಮದಿಯ ಊರು ಎಂದು ನಾವು ಹೊಗಳುವುದು ಯಾರ ನೆಮ್ಮದಿಯನ್ನು ಎಂಬ ಪ್ರಶ್ನೆಯನ್ನು ಬಿಟ್ಟು ಈ ವಿಷಯವನ್ನು ಮುಂದುವರಿಸುವಂತಿಲ್ಲ.

ಕಡೆಯದು ಭಾರದ ಪ್ರಶ್ನೆ. ೧೯೯೩ನೆಯ ಸೆಪ್ಟೆಂಬರ್ ೩೦ರಂದು ನೆರೆಯ ಮಹಾರಾಷ್ಟ್ರದ ಲಾತೂರು ಸೀಮೆಯ ಕಿಲ್ಲಾರಿಯ ಸುತ್ತ ಭೂಕಂಪವಾದಾಗ ಸುಮಾರು ಹತ್ತು ಸಾವಿರ ಮಂದಿ ಮಡಿದರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಒಂದಕ್ಕೊಂದು ಹಿಡಿತವಿಲ್ಲದೆ ಬಿಚ್ಚಿಕೊಂಡುವು. ಮೇಲಿನ ಮಣ್ಣಿನ ಭಾರವು ಮಲಗಿದ್ದವರ ಮೇಲೆ ಕುಸಿಯಿತು. ನಮ್ಮ ಮಾಳಿಗೆಮನೆಗಳು ಅವುಗಳ ಸೋದರಿಗಳೇ. ವರ್ಷವರ್ಷವೂ ಹಾಕಿದ ಮಣ್ಣು ತೊಲೆಗಳ ಮೇಲೆ ಪದರವಾಗಿ ಬೆಳೆಯುತ್ತ ಹೋಗುತ್ತದೆಂಬುದನ್ನೂ, ದಿನಗಟ್ಟಲೆ ಹಿಡಿದ ಮಳೆಯಲ್ಲಿ ಅದು ನೀರು ಕುಡಿದು ಇಮ್ಮಡಿ ತೂಗುತ್ತದೋ ಎನ್ನುವಂತೆ ಭಾರವಾಗುತ್ತದೆಂಬುದನ್ನೂ ಮರೆಯಲಾಗದು.

೨೦೦೯ರಲ್ಲಿ ಆದುದು ಬಹುಮಟ್ಟಿಗೆ ಇದೇ. ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲಲ್ಲಿ, ಉತ್ತರ ಕರ್ನಾಟಕದ ಒಣಭೂಮಿಯ ಮೇಲೆ ಎಂದೂ ಕಾಣದ ಮಳೆ ಬಿದ್ದಿತು. ನದಿಯಿಂದ ದೂರವಿದ್ದ ಮನೆಗಳು ಕೂಡ ಮಳೆಯಿಂದಲೇ ತೋಯ್ದು ಕುಸಿದುವು. ಸರಕಾರವೂ ದಾನಿಗಳೂ ಸೇರಿ “ಆಸರೆ” ಎಂಬ ಯೋಜನೆಯಡಿಯಲ್ಲಿ ಅನೇಕ ಹಳ್ಳಿಗಳಿಗೆ ಎತ್ತರದ ನೆಲದಲ್ಲಿ ಹೊಸ ಬಡಾವಣೆಗಳನ್ನು ಕಟ್ಟಿಸಿದರು. ಉದ್ದೇಶ ಒಳ್ಳೆಯದು, ಕೆಲಸವೂ ಸಣ್ಣದಲ್ಲ. ಆದರೂ ಹಲವು ಕಡೆ ಜನರು ಹೊಸ ಮನೆಗೆ ಹೋಗಲಿಲ್ಲ. ಹೋದವರಲ್ಲಿ ಕೆಲವರು ಮರಳಿ ಬಂದರು. ಬೀಗ ಹಾಕಿದ ಮನೆಗಳ ಸುತ್ತ ಜಾಲಿ ಬೆಳೆಯಿತು.

ಜನರು ಮೂಢರೆಂದೋ ಕೃತಘ್ನರೆಂದೋ ಇದಕ್ಕೆ ಕಾರಣ ಹೇಳುವುದು ಸುಲಭ. ನಿಜವಾದ ಕಾರಣಗಳು ನಕ್ಷೆಯಲ್ಲಿಯೇ ಇದ್ದುವು. ಗೆರೆ ಎಳೆದಂತೆ ಸಾಲಾಗಿ ನಿಂತ ಒಂದೇ ಅಚ್ಚಿನ ಮನೆಗಳು. ಒಂದೆರಡು ಕೋಣೆ, ಒಂದು ಅಡುಗೆಯ ಮೂಲೆ. ಎತ್ತುಗಳಿಗೆ ಜಾಗವೆಲ್ಲಿ? ಬಣವೆಯನ್ನು ಒಟ್ಟುವುದೆಲ್ಲಿ? ತಿಪ್ಪೆ ಎಲ್ಲಿ? ಮೂರು ಮಂದಿ ಅಣ್ಣತಮ್ಮಂದಿರು ಒಂದೇ ಅಂಗಳದಲ್ಲಿ ಬಾಳಿದ್ದವರು ಮೂರು ಬೇರೆ ಸಾಲುಗಳಲ್ಲಿ ಹಂಚಿಹೋದರೆ ಮುದಿ ತಂದೆತಾಯಿಗಳು ಯಾವ ಕೋಣೆಯಲ್ಲಿ ಮಲಗಬೇಕು? ಹೊಲವು ಹಳೆಯ ಊರಿನ ಬಳಿಯಲ್ಲಿ, ಮನೆಯು ಗುಡ್ಡದ ಬದಿಯಲ್ಲಿ. ನಸುಕಿನಲ್ಲಿ ನೀರು ಹಾಯಿಸಲು ಹೋಗುವವನು ಎಷ್ಟು ದೂರ ನಡೆಯಬೇಕು? ಕೋಣೆಗಳನ್ನು ಎಣಿಸಿದವರು ಲೆಕ್ಕದಲ್ಲಿ ತಪ್ಪಲಿಲ್ಲ. ಎಣಿಸಬೇಕಾದ ವಸ್ತುವನ್ನು ಬಿಟ್ಟು ಬೇರೊಂದನ್ನು ಎಣಿಸಿದರು.

ಇದು ನಮ್ಮಲ್ಲಿ ಮಾತ್ರ ನಡೆದುದಲ್ಲ. ಈಜಿಪ್ಟಿನಲ್ಲಿ ಹಸನ್ ಫಾತಿ ಎಂಬ ಪ್ರಸಿದ್ಧ ವಾಸ್ತುಶಿಲ್ಪಿಯು ೧೯೪೬ರಿಂದ ಹೊಸ ಗೂರ್ನಾ ಎಂಬ ಹಳ್ಳಿಯನ್ನು ಹಸಿ ಇಟ್ಟಿಗೆಯಿಂದ, ಅಂಗಳ ಕಮಾನುಗಳ ಸೊಗಸಿನಿಂದ ಕಟ್ಟತೊಡಗಿದನು. ಆತನು ನಾಡಿನ ಪದ್ಧತಿಯನ್ನು ಬಲ್ಲವನು. ಹಳ್ಳಿಗರ ಮೇಲೆ ಮಮತೆಯುಳ್ಳವನು. ಆದರೂ ಹಳೆಯ ಗೂರ್ನಾದ ಬಹುಪಾಲು ಜನರು ಅಲ್ಲಿಗೆ ಹೋಗಲು ಒಪ್ಪಲಿಲ್ಲ. ಅವರ ಜೀವನೋಪಾಯ ಹಳೆಯ ಊರಿಗೆ ಅಂಟಿಕೊಂಡಿದ್ದಿತು. ಮಣ್ಣನ್ನೇ ಬಳಸಿದರೂ ಕಮಾನನ್ನೇ ಕಟ್ಟಿದರೂ, ವಾಸಿಸತಕ್ಕವನ ಹೊಟ್ಟೆಪಾಡಿಗೆ ಹೊಂದದ ಮನೆಯು ಮನೆಯಾಗುವುದಿಲ್ಲ. ಲಾತೂರಿನ ಹೊಸ ಹಳ್ಳಿಗಳಲ್ಲಿಯೂ ಅಗಲವಾದ ನೇರ ಬೀದಿಗಳ ನಡುವೆ ಹಳೆಯ ಓಣಿಯ ಸಾಮೀಪ್ಯ ಕಳೆದುಹೋಯಿತೆಂಬ ಕೊರಗು ಕೇಳಿಬಂದಿತು.

೨೦೧೯ರ ಆಗಸ್ಟ್ ತಿಂಗಳಲ್ಲಿ ಪುನಃ ಪರೀಕ್ಷೆ ಬಂದಿತು. ಘಟ್ಟದ ಮಳೆಯಿಂದ ನವಿಲುತೀರ್ಥದ ಜಲಾಶಯ ತುಂಬಿ, ಹೊರಬಿಟ್ಟ ನೀರು ಕೆಳಗಿನ ರಾಮದುರ್ಗದ ತಗ್ಗಿನ ಓಣಿಗಳನ್ನೂ ನದಿಯ ದಡದ ಹಳ್ಳಿಗಳನ್ನೂ ಹೊಕ್ಕಿತು. ಈ ಸಲ ಸರಕಾರವು ಬೇರೆ ದಾರಿಯನ್ನು ಹಿಡಿಯಿತು. ಪೂರ್ತಿ ಬಿದ್ದ ಮನೆಗೆ ೫ ಲಕ್ಷ ರೂಪಾಯಿ; ಬುನಾದಿ, ಗೋಡೆ, ಛಾವಣಿ ಎಂದು ಕೆಲಸ ಮುಂದುವರಿದಂತೆ ಕಂತುಗಳಲ್ಲಿ ಹಣ; ಕಟ್ಟುವ ಹೊಣೆ ಮನೆಯವನದೇ. ತನ್ನ ಮನೆಯ ನಕ್ಷೆಯನ್ನು ತಾನೇ ಹಾಕಿಕೊಳ್ಳುವ ಸ್ವಾತಂತ್ರ್ಯ ಇದರಿಂದ ದೊರೆಯಿತು; ಇದು ಮುಂದುವರಿದ ಹೆಜ್ಜೆಯೇ ಸರಿ. ಆದರೆ ಹಣದೊಡನೆ ತಿಳಿವಳಿಕೆಯು ಕಂತಿನಲ್ಲಿ ಬರಲಿಲ್ಲ. ಎಷ್ಟೋ ಮಂದಿ ಮುಳುಗಿದ ಜಾಗದಲ್ಲಿಯೇ ಮತ್ತೆ ಕಟ್ಟಿದರು. ಪಟ್ಟಣದಲ್ಲಿ ಕಂಡ ಕಾಂಕ್ರೀಟಿನ ಪೆಟ್ಟಿಗೆಯನ್ನೇ ಮಾದರಿಯಾಗಿ ಹಿಡಿದರು. ಮೊದಲ ಸಲ ಕೇಳದೆ ಮನೆ ಕೊಟ್ಟರು. ಎರಡನೆಯ ಸಲ ಹೇಳದೆ ಹಣ ಕೊಟ್ಟರು. ಕೇಳಿ ಹೇಳಿ ಕಟ್ಟುವ ಮೂರನೆಯ ದಾರಿ ಇನ್ನೂ ಉಳಿದಿದೆ.

ಆ ದಾರಿಯ ಕೆಲವು ಹೆಜ್ಜೆಗಳನ್ನು ಇಲ್ಲಿ ಸೂಚಿಸಬಹುದು. ಮೊದಲನೆಯದು, ನಕ್ಷೆಯನ್ನು ಕಾಗದದ ಮೇಲೆ ತೋರಿಸುವುದಕ್ಕೆ ಬದಲಾಗಿ ನೆಲದ ಮೇಲೆ ಸುಣ್ಣದ ಪುಡಿಯಿಂದ ಬರೆಯುವುದು. ಕಾಗದದ ಗೆರೆಯನ್ನು ಇಂಜಿನಿಯರನು ಓದಬಲ್ಲನು. ನೆಲದ ಗೆರೆಯನ್ನು ಎಲ್ಲರೂ ಓದಬಲ್ಲರು. ಮನೆಯ ಹೆಣ್ಣುಮಗಳು ಆ ಗೆರೆಗಳ ಒಳಗೆ ನಡೆದು, ಇಲ್ಲಿ ಒಲೆ, ಇಲ್ಲಿ ನೀರು, ಇಲ್ಲಿ ಬಾಣಂತಿ, ಇಲ್ಲಿ ಎತ್ತು ಎಂದು ತೋರಿಸಿದ ಮೇಲೆಯೇ ಅಗೆತ ಪ್ರಾರಂಭವಾಗಲಿ. ಒಂದು ದಿನದ ಈ ಕೆಲಸವು ಬೀಗ ಬಿದ್ದ ನೂರು ಮನೆಗಳ ವೆಚ್ಚವನ್ನು ಉಳಿಸಬಲ್ಲದು.

ಎರಡನೆಯದು, ಒಮ್ಮೆಲೇ ಮನೆಯನ್ನು ಪೂರ್ತಿ ಮಾಡಿ ಮುಗಿಸಬೇಕೆಂಬ ಹಟವನ್ನು ಬಿಡುವುದು. ಮನೆ ಬೆಳೆಯುವ ವಸ್ತು. ಮಗನ ಮದುವೆಗೆ ಒಂದು ಅಂಕಣ, ಹೊಸ ಜೊತೆ ಎತ್ತಿಗೆ ಒಂದು ಅಂಕಣ. ಆದುದರಿಂದ ಗಟ್ಟಿಯಾದ ಒಂದು ನಡುಮನೆಯನ್ನೂ ಶೌಚಾಲಯವನ್ನೂ ಮೊದಲು ಕಟ್ಟಿ, ಉಳಿದುದಕ್ಕೆ ನಿವೇಶನದಲ್ಲಿ ಜಾಗ ಬಿಡಬೇಕು. ದನದ ಹಕ್ಕೆಯು ಮನೆಗೆ ಅಂಟಿಕೊಂಡೇ ಇರಲಿ. ಆದರೆ ನಡುವೆ ಗೋಡೆಯಿರಲಿ, ಗೋಡೆಯಲ್ಲಿ ಕಿಟಕಿಯಿರಲಿ, ಗಂಜಳಕ್ಕೆ ಬೇರೆ ಕಾಲುವೆಯಿರಲಿ. ಹೀಗೆ ಮಾಡಿದರೆ ದನದ ಮೇಲಿನ ಕಣ್ಣೂ ತಪ್ಪುವುದಿಲ್ಲ, ಮನೆಯ ಶುಚಿಯೂ ಕೆಡುವುದಿಲ್ಲ.

ಮೂರನೆಯದು, ಸಾಮಗ್ರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಸ್ಥಾಪಿತವಾದ “ಅಸ್ತ್ರ” ಎಂಬ ವಿಭಾಗವು ಹಳ್ಳಿಗಳಿಗೆ ಉಪಯುಕ್ತವಾದ ಎರಡು ವಸ್ತುಗಳನ್ನು ರೂಢಿಗೆ ತಂದಿತು. ಒಂದು, ಮಣ್ಣಿಗೆ ಸ್ವಲ್ಪ ಸಿಮೆಂಟನ್ನು ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡಿದ ಇಟ್ಟಿಗೆ. ಅದನ್ನು ಸುಡಬೇಕಾಗಿಲ್ಲ, ಮಳೆಗೆ ಕರಗುವುದೂ ಇಲ್ಲ. ಇನ್ನೊಂದು, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ, ಕಟ್ಟಿಗೆಯನ್ನು ಉಳಿಸುವ ಒಲೆ. ಬೈಲಹೊಂಗಲದ ಎರೆಮಣ್ಣು ಇದ್ದಂತೆಯೇ ಈ ಇಟ್ಟಿಗೆಗೆ ಒಗ್ಗುವುದಿಲ್ಲ. ಅದಕ್ಕೆ ಮರಳನ್ನೂ ಸುಣ್ಣವನ್ನೂ ಕೂಡಿಸಬೇಕು. ಎರೆಭೂಮಿಯು ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದರಿಂದ ಬುನಾದಿಯು ಕೆಳಗಿನ ಗರಸನ್ನು ಮುಟ್ಟುವವರೆಗೆ ಇಳಿಯಬೇಕೆಂಬುದನ್ನು ಅಲ್ಲಿನ ಹಳೆಯ ಮೇಸ್ತ್ರಿಗಳು ಚೆನ್ನಾಗಿ ಬಲ್ಲರು. ಸವದತ್ತಿ ರಾಮದುರ್ಗಗಳಲ್ಲಿ ನೆರೆಯ ಮಟ್ಟಕ್ಕಿಂತ ಮೇಲೆ ಕಲ್ಲಿನ ತಳಪಾಯ, ಗೋಡೆಯ ಎರಡು ಮುಖಗಳನ್ನು ಬಿಗಿಯುವ ಅಡ್ಡಗಲ್ಲುಗಳು, ಬಾಗಿಲಿನ ತಲೆಯ ಮಟ್ಟದಲ್ಲಿ ಮನೆಯ ಸುತ್ತಲೂ ಕಾಂಕ್ರೀಟಿನ ಒಂದು ಪಟ್ಟಿ. ಇವಿಷ್ಟಿದ್ದರೆ ಕಲ್ಲಿನ ಮನೆ ಭೂಕಂಪಕ್ಕೂ ಬಹಳ ಮಟ್ಟಿಗೆ ತಡೆದೀತು. ಕಾಂಕ್ರೀಟಿನ ಛಾವಣಿಯನ್ನೇ ಹಾಕುವುದಾದರೆ ಅದರ ಮೇಲೆ ಬಿಳಿಯ ಸುಣ್ಣವನ್ನಾದರೂ ಬಳಿಯಲಿ. ಅದು ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ, ಖರ್ಚೂ ಕಡಿಮೆ.

ನಾಲ್ಕನೆಯದು, ಓಣಿ. ಮನೆಗಳನ್ನು ಸಾಲುಗಟ್ಟಿ ನಿಲ್ಲಿಸುವ ಬದಲು ಎಂಟು ಹತ್ತು ಮನೆಗಳು ಒಂದು ಅಂಗಳವನ್ನು ಸುತ್ತುವರಿಯುವಂತೆ ಕಟ್ಟಬಹುದು. ಬಾಗಿಲುಗಳು ಒಂದನ್ನೊಂದು ನೋಡಲಿ. ಪ್ರತಿಯೊಂದು ಬಾಗಿಲ ಬದಿಗೂ ಕಟ್ಟೆಯಿರಲಿ. ಅಂಗಳದ ನಡುವೆ ಒಂದು ಬೇವಿನ ಮರವಿರಲಿ. ಆದರೆ ಹೊಸ ಊರಿನಲ್ಲಿ ಹಳೆಯ ಅಗಸಿಯ ಒಳಗು ಹೊರಗುಗಳು ಮತ್ತೆ ಹುಟ್ಟಬಾರದು. ಯಾವ ಅಂಗಳ ಯಾರಿಗೆ ಎಂಬುದನ್ನು ಜಾತಿ ನಿರ್ಣಯಿಸಬಾರದು. ನೀರಿನ ನಲ್ಲಿ, ಅಂಗನವಾಡಿ, ಬಸ್ಸಿನ ನಿಲ್ದಾಣ ಎಲ್ಲರ ಮನೆಗೂ ಸಮದೂರದಲ್ಲಿರಬೇಕು. ಹಳೆಯ ಊರನ್ನು ತಿದ್ದುವುದು ಬಹು ಕಷ್ಟ. ಹೊಸ ಊರನ್ನು ನೆಟ್ಟಗೆ ಬರೆಯುವುದು ಅಷ್ಟು ಕಷ್ಟವಲ್ಲ. ನೆರೆಯಂಥ ಕೇಡಿನಲ್ಲಿಯೂ ಒಂದು ಒಳಿತಿದ್ದರೆ ಅದು ಇದೇ.

ಈ ಮಾತು ಹಳ್ಳಿಯ ಮನೆಗಳನ್ನು ಕುರಿತದ್ದಾಯಿತಲ್ಲ, ಪಟ್ಟಣದ ನಮಗೇನು ಎಂದು ಕೆಲವರಾದರೂ ಕೇಳಬಹುದು. ಯೋಜನೆಗಳನ್ನು ರಚಿಸುವವರು, ದಾನ ಕೊಡುವವರು, ನಕ್ಷೆಗೆ ಸಹಿ ಹಾಕುವವರು, ಸಮೀಕ್ಷೆ ಬರೆಯುವವರು ನಮ್ಮಂಥ ಪಟ್ಟಣದ ವಿದ್ಯಾವಂತರೇ ಅಲ್ಲವೆ? ನಮ್ಮ ಕಣ್ಣಿನಲ್ಲಿರುವ ಮನೆಯ ಚಿತ್ರವೇ ರೈತನ ತಲೆಯ ಮೇಲೆ ಛಾವಣಿಯಾಗಿ ಇಳಿಯುತ್ತದೆ. ಅಲ್ಲದೆ ನಮ್ಮ ಬಡಾವಣೆಗಳನ್ನೇ ನೋಡೋಣ. ಕಟ್ಟೆಯಿದ್ದ ಜಾಗದಲ್ಲಿ ಈಗ ಎತ್ತರದ ಪೌಳಿಗೋಡೆ. ಬೆಳಕಿಂಡಿಯಿದ್ದಲ್ಲಿ ಹಗಲೂ ಉರಿಯುವ ದೀಪ. ಪಕ್ಕದ ಮನೆಯ ವೃದ್ಧರು ಹಾಸಿಗೆ ಹಿಡಿದ ಸಂಗತಿ ವೈದ್ಯರ ಗಾಡಿ ಬಂದಾಗ ಮಾತ್ರ ನಮಗೆ ತಿಳಿಯುತ್ತದೆ. ಹಳ್ಳಿಯ ಜನರು ಬೇಡವೆಂದು ಬೀಗ ಹಾಕಿ ಬಂದ ಮನೆಯಲ್ಲಿಯೇ ನಾವು ಸಾಲ ಮಾಡಿ ವಾಸಿಸುತ್ತಿದ್ದೇವೆಯೋ ಏನೋ ಎಂಬ ಸಂದೇಹವನ್ನು ಒ೦ದು ಕ್ಷಣವಾದರೂ ತಂದುಕೊಳ್ಳುವುದು ಒಳ್ಳೆಯದು.

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಖರ್ಚಿನ ವಿಷಯವಾಗಿ ಹೇಳುವುದು ವಾಡಿಕೆ. ಇದಕ್ಕೆ ಇನ್ನೊಂದು ಅರ್ಥವನ್ನೂ ಮಾಡಬಹುದು. ಮದುವೆಯಲ್ಲಿ ಎರಡೂ ಕಡೆಯವರ ಒಪ್ಪಿಗೆಯನ್ನು ಕೇಳುತ್ತೇವೆ. ಮನೆ ಕಟ್ಟುವಾಗಲೂ ಕೇಳಬೇಕು. ಮಲಪ್ರಭೆಗೆ ಮತ್ತೆ ನೆರೆ ಬಾರದೆಂದು ಯಾರೂ ಭರವಸೆ ಕೊಡಲಾರರು. ಮನೆಗಳು ಮತ್ತೆ ಬಿದ್ದಾವು, ಮತ್ತೆ ಎದ್ದಾವು. ಆಗ ನಕ್ಷೆ ಹಿಡಿದು ಹಳ್ಳಿಗೆ ಹೋಗುವವರು ಕೋಣೆ ಎಷ್ಟು ಬೇಕೆಂದು ಕೇಳುವುದಕ್ಕೆ ಮುಂಚೆ, ಕಟ್ಟೆ ಎಲ್ಲಿರಬೇಕು, ಎತ್ತು ಎಲ್ಲಿ ನಿಲ್ಲಬೇಕು, ಮಗ್ಗ ಎಲ್ಲಿ ಹೂಡಬೇಕು ಎಂದು ಕೇಳಲಿ. ಉತ್ತರಗಳು ಸಿದ್ಧವಾಗಿಯೇ ಇವೆ; ಕೇಳುವವರು ಬೇಕಾಗಿದ್ದಾರೆ.